ಮೇರಿಲ್‌ಬೋನ್‌ನ ಹಳೆಯ ಮನೆ ಮತ್ತು ಉಳಿದಿರುವ ವರ್ಷಗಳು

ಲಂಡನ್ನಿನ ಮೇರಿಲ್‌ಬೋನ್ ಪ್ರದೇಶದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಐದು ಅಂತಸ್ತಿನ ಮನೆಯೊಂದು ಮಾರಾಟಕ್ಕೆ ಬಂದಿದೆ. ಮಾರಾಟಗಾರರು ಅಚ್ಚು ಹಾಕಿಸಿರುವ ದಪ್ಪ ಕಾಗದದ ಪುಸ್ತಿಕೆಯಲ್ಲಿ ಗಚ್ಚಿನ ಹೂಬಳ್ಳಿಗಳ ಒಳಮಾಳಿಗೆ, ಅಮೃತಶಿಲೆಯ ಅಗ್ಗಿಷ್ಟಿಕೆ, ಸುತ್ತಿ ಮೇಲೇರುವ ಕಲ್ಲಿನ ಮೆಟ್ಟಿಲು ಇವೆಲ್ಲದರ ಸುಂದರವಾದ ಛಾಯಾಚಿತ್ರಗಳಿವೆ. ಕೇಳುತ್ತಿರುವ ಬೆಲೆ ಒಂದು ಕೋಟಿ ಪೌಂಡ್‌ಗಿಂತ ಮೇಲೆ. ಕೊನೆಯ ಪುಟದ ಅಡಿಯಲ್ಲಿ, ಕನ್ನಡಕ ಸರಿಪಡಿಸಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಮನೆಯು ಲೀಸ್‌ಹೋಲ್ಡ್, ಅಂದರೆ ಭೂಮಿ ಬೇರೆಯವರದು, ಕೊಂಡವರಿಗೆ ಗೊತ್ತಾದ ಅವಧಿಯ ಹಕ್ಕಷ್ಟೇ, ಎಂದೂ ಅವಧಿಯಲ್ಲಿ ಇನ್ನು ಅರವತ್ತಕ್ಕಿಂತ ಕಡಿಮೆ ವರ್ಷಗಳು ಉಳಿದಿವೆ ಎಂದೂ ಬರೆದಿದೆ. ಹಳೆಯ ಕಟ್ಟಡಗಳ ಸ್ಥಿತಿಯನ್ನು ಪರಿಶೀಲಿಸಿ ವರದಿ ಕೊಡುವ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನಗೆ, ಕೊಳ್ಳಲು ಮನಸ್ಸು ಮಾಡಿರುವವರ ಪರವಾಗಿ ಆ ಮನೆಯನ್ನು ನೆಲಮಾಳಿಗೆಯಿಂದ ಸೂರಿನವರೆಗೆ ನೋಡುವ ಅವಕಾಶ ದೊರೆಯಿತು. ಗೋಡೆಯ ಗುಣಮಟ್ಟದಿಂದ ಹಿಡಿದು ಇಂದಿನ ಬೆಲೆಯವರೆಗೆ ಆ ಮನೆಯ ಬಗ್ಗೆ ಏನನ್ನು ಕೇಳಿದರೂ ಉತ್ತರ ಆ ಸಣ್ಣ ಅಕ್ಷರಗಳ ಸಾಲಿಗೇ ಬಂದು ನಿಲ್ಲುತ್ತದೆ ಎಂದು ನನಗೆ ತೋರುತ್ತದೆ.

ಮಧ್ಯ ಲಂಡನ್ನಿನ ಬಹಳಷ್ಟು ಭೂಮಿ ಇಂದಿಗೂ ಕೆಲವೇ ಮನೆತನಗಳ ಕೈಯಲ್ಲಿದೆ. ಮೇರಿಲ್‌ಬೋನ್‌ನಲ್ಲಿ ಪೋರ್ಟ್‌ಮನ್ ಮತ್ತು ಹೋವರ್ಡ್ ಡಿ ವಾಲ್ಡನ್, ಚೆಲ್ಸಿಯಲ್ಲಿ ಕಡೋಗನ್, ಬ್ಲೂಮ್ಸ್‌ಬರಿಯಲ್ಲಿ ಬೆಡ್‌ಫರ್ಡ್, ಮೇಫೇರ್ ಮತ್ತು ಬೆಲ್‌ಗ್ರೇವಿಯಾಗಳಲ್ಲಿ ಗ್ರೋವ್ನರ್. ಇವರಲ್ಲಿ ಗ್ರೋವ್ನರ್ ಮನೆತನಕ್ಕೆ ಈ ಆಸ್ತಿ ಬಂದದ್ದು 1677ರ ಒಂದು ಮದುವೆಯಿಂದ. ಸರ್ ಥಾಮಸ್ ಗ್ರೋವ್ನರ್‌ನನ್ನು ಮದುವೆಯಾದ ಮೇರಿ ಡೇವಿಸ್‌ಗೆ ಆಗ ಹನ್ನೆರಡು ವರ್ಷ, ಅವಳು ತಂದ ಜವುಗು ನೆಲ ಮತ್ತು ಹುಲ್ಲುಗಾವಲುಗಳು ಇಂದು ಜಗತ್ತಿನ ಅತಿ ದುಬಾರಿ ನಿವೇಶನಗಳು. ಈ ಭೂಮಾಲೀಕರು ಸಾಮಾನ್ಯವಾಗಿ ತಾವೇ ಮನೆ ಕಟ್ಟಿಸುವ ಗೋಜಿಗೆ ಹೋಗಲಿಲ್ಲ. ಭೂಮಿಯನ್ನು ಹೆಚ್ಚಾಗಿ 99 ವರ್ಷಗಳ ಅವಧಿಗೆ ಕಟ್ಟಡ ಗುತ್ತಿಗೆದಾರರಿಗೆ ಬಿಟ್ಟುಕೊಟ್ಟು, ಮೊದಲ ಒಂದೆರಡು ವರ್ಷ ಹೆಸರಿಗಷ್ಟೇ ಬಾಡಿಗೆ ಪಡೆದು, ಅವಧಿ ಮುಗಿದ ದಿನ ಭೂಮಿಯ ಜೊತೆಗೆ ಅದರ ಮೇಲಿನ ಮನೆಯೂ ತಮ್ಮ ವಶಕ್ಕೆ ಮರಳುವಂತೆ ಕರಾರು ಬರೆಸಿಕೊಂಡರು. ಬೆಂಗಳೂರಿನಲ್ಲಿ ಲೀಸಿಗೆ ಮನೆ ಹಿಡಿದವರಿಗೆ ಕೊನೆಗೆ ಇಡಿಗಂಟು ವಾಪಸ್ಸು ಬರುತ್ತದೆ. ಬಿಡಿಎ ನಿವೇಶನದ ಲೀಸ್-ಕಂ-ಸೇಲ್‌ನಲ್ಲಿ ಹತ್ತು ವರ್ಷ ಕಳೆದ ಮೇಲೆ ಕ್ರಯಪತ್ರ ಕೈಸೇರುತ್ತದೆ. ಇಲ್ಲಿನ ಮೂಲ ಕರಾರಿನಲ್ಲಿ ಅವೆರಡೂ ಇಲ್ಲ. ನಾವು ನೋಡಿದ ಮನೆಯಲ್ಲಿ ಈಗ ಉಳಿದಿರುವ ವರ್ಷಗಳು ಆ ಮೊದಲ ಲೀಸಿನವಲ್ಲ, ಅದರ ನಂತರ ಬರೆದ ಹೊಸ ಲೀಸಿನವು.

ಕಟ್ಟುವವನಿಗೆ ಮನೆ ತನ್ನದಲ್ಲ ಎಂಬುದು ಗೊತ್ತಿದ್ದಾಗ ಅವನು ಹೇಗೆ ಕಟ್ಟಿಯಾನು? ಪ್ರವಾಸಿಗರು ಬೆರಗಿನಿಂದ ನೋಡುವ ಜಾರ್ಜಿಯನ್ (ಜಾರ್ಜ್ ಹೆಸರಿನ ದೊರೆಗಳ ಕಾಲದ) ಮುಖಗೋಡೆಗಳ ಹಿಂದೆ ಈ ಪ್ರಶ್ನೆಗೆ ಉತ್ತರವಿದೆ. ಬೀದಿಗೆ ಕಾಣುವ ಹೊರಪದರಕ್ಕೆ ನಯವಾದ, ಬೆಲೆಬಾಳುವ ಇಟ್ಟಿಗೆಗಳನ್ನು ತೆಳುವಾದ ಗಾರೆಯಲ್ಲಿ ಕೂರಿಸುತ್ತಿದ್ದರು. ಒಳಪದರಕ್ಕೆ ಸರಿಯಾಗಿ ಸುಡದ ಅಗ್ಗದ ಇಟ್ಟಿಗೆ, ದಪ್ಪ ಗಾರೆ. ಎರಡರ ವರಸೆಗಳು ಒಂದೇ ಮಟ್ಟಕ್ಕೆ ಬಾರದ ಕಾರಣ, ಗೋಡೆಯ ಉದ್ದಕ್ಕೂ ಅಡ್ಡಲಾಗಿ ಹೊಕ್ಕು ಎರಡು ಪದರಗಳನ್ನು ಹಿಡಿದಿಡಬೇಕಾದ ಇಟ್ಟಿಗೆಗಳನ್ನು ಅರ್ಧಕ್ಕೆ ಮುರಿದು ಹೊರಗೆ ಅಂದಕ್ಕಷ್ಟೇ ಇಡುತ್ತಿದ್ದರು. ಒಳಗೋಡೆಯಲ್ಲಿ ಹುದುಗಿಸಿದ ಮರದ ಪಟ್ಟಿಗಳು ಕಾಲಕ್ರಮದಲ್ಲಿ ಕುಗ್ಗಿ ಲಡ್ಡಾದಾಗ ಒಳಪದರ ಕುಸಿಯುತ್ತದೆ, ಹೊರಪದರ ಮುಂದಕ್ಕೆ ಉಬ್ಬುತ್ತದೆ. ನಾವು ನೋಡಿದ ಮನೆಯಲ್ಲಿಯೂ ಎರಡನೆಯ ಮಹಡಿಯ ಕಿಟಕಿಗಳ ನಡುವೆ ಅಂಥ ಉಬ್ಬು ಇತ್ತು. ಮೇಲಿಂದ ತೂಗುಗುಂಡು ಇಳಿಬಿಟ್ಟಾಗ ದಾರ ಒಂದೆಡೆ ಗೋಡೆಗೆ ತಾಗಿ, ಅದರ ಕೆಳಗೆ ಬೆರಳು ತೂರುವಷ್ಟು ದೂರ ನಿಂತಿತು. ಪುಸ್ತಿಕೆಯ ಛಾಯಾಚಿತ್ರದಲ್ಲಿ ಅದು ಕಾಣುವುದಿಲ್ಲ, ಏಕೆಂದರೆ ಚಿತ್ರವನ್ನು ಎದುರುಗಡೆಯಿಂದ ತೆಗೆದಿದ್ದಾರೆ.

ಕಾನೂನು ಸುಮ್ಮನಿತ್ತು ಎಂದಲ್ಲ. 1666ರ ಮಹಾ ಅಗ್ನಿಯ ನಂತರ ಲಂಡನ್ ನಗರದ ಹೊಸ ಮನೆಗಳಿಗೆ ಇಟ್ಟಿಗೆ ಇಲ್ಲವೇ ಕಲ್ಲು ಕಡ್ಡಾಯವಾಯಿತು. 1774ರ ಕಟ್ಟಡ ಕಾಯ್ದೆ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, 850 ಪೌಂಡ್‌ಗೂ ಹೆಚ್ಚು ಬೆಲೆಯ, 900 ಚದರ ಅಡಿಗೂ ಹೆಚ್ಚು ತಳವಿಸ್ತೀರ್ಣದ ಮನೆಗಳನ್ನು ಮೊದಲ ದರ್ಜೆಗೆ ಸೇರಿಸಿತು. ಬೆಂಕಿ ಹರಡದಂತೆ ಕಿಟಕಿಯ ಮರದ ಚೌಕಟ್ಟುಗಳನ್ನು ಇಟ್ಟಿಗೆಯ ಮರೆಯಲ್ಲಿ ಇಡಬೇಕೆಂದಿತು. ಈ ಬೀದಿಗಳ ಮನೆಗಳಿಗಿರುವ ಆ ಸಂಯಮದ ಚೆಲುವಿನಲ್ಲಿ ವಾಸ್ತುಶಿಲ್ಪಿಯ ಅಭಿರುಚಿಯಷ್ಟೇ ಬೆಂಕಿಯ ಭಯವೂ ಇದೆ.

ಒಳಗಿನ ಕುಶಲತೆಗೆ ಮಾತ್ರ ತಲೆಬಾಗಬೇಕು. ಬೆಂಗಳೂರಿನ 30-40 ಸೈಟಿಗಿಂತ ಕಿರಿದಾದ ಅಗಲದಲ್ಲಿ, ಮನೆ ಎತ್ತರಕ್ಕೂ ಹಿಂದಕ್ಕೂ ಬೆಳೆದಿದೆ. ಕಲ್ಲಿನ ಮೆಟ್ಟಿಲುಗಳಿಗೆ ಕೆಳಗಿನಿಂದ ಕಂಬವಾಗಲಿ ತೊಲೆಯಾಗಲಿ ಇಲ್ಲ. ಪ್ರತಿ ಮೆಟ್ಟಿಲಿನ ಒಂದು ತುದಿಯಷ್ಟೇ ಗೋಡೆಯೊಳಗೆ ಕೆಲವು ಅಂಗುಲ ಹೊಕ್ಕಿದೆ, ಮುಂಗೋಟು ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತಿದೆ, ಹೀಗೆ ಒಂದರ ಭಾರವನ್ನು ಇನ್ನೊಂದು ಹೊತ್ತುಕೊಂಡು ಇಡೀ ಸಾಲು ಇನ್ನೂರು ವರ್ಷಗಳಿಂದ ನಿಂತಿದೆ. ಅತಿಥಿಗಳು ಹತ್ತಬೇಕಾದ ಮೊದಲ ಮಹಡಿಯವರೆಗೆ ಮಾತ್ರ ಈ ವೈಭವ. ಅಲ್ಲಿಯೇ ಅತಿ ಎತ್ತರದ ಕಿಟಕಿಗಳ ದಿವಾನಖಾನೆ. ಅದರಿಂದ ಮೇಲಕ್ಕೆ ಮೆಟ್ಟಿಲು ಮರದ್ದಾಗುತ್ತದೆ, ಕಿಟಕಿ ಗಿಡ್ಡವಾಗುತ್ತದೆ, ಸೇವಕರು ಮಲಗುತ್ತಿದ್ದ ಅಟ್ಟದ ಕೋಣೆಗಳಲ್ಲಿ ಗಚ್ಚಿನ ಒಂದು ಗೆರೆಯೂ ಇಲ್ಲ. ಹೊರಗೆ ಕಾಲುದಾರಿಯಲ್ಲಿ ಎರಕದ ಕಬ್ಬಿಣದ ದುಂಡು ಮುಚ್ಚಳವೊಂದಿದೆ. ಕಲ್ಲಿದ್ದಲಿನ ಮೂಟೆಯನ್ನು ಅದರ ಮೂಲಕವೇ ನೆಲಮಾಳಿಗೆಗೆ ಸುರಿಯುತ್ತಿದ್ದರು, ಮಸಿ ಹೊತ್ತವನು ಮನೆಯೊಳಗೆ ಕಾಲಿಡುವ ಪ್ರಮೇಯವೇ ಬರುತ್ತಿರಲಿಲ್ಲ.

ಇಂಥ ಮನೆಗಳನ್ನು ಹಿಡಿದವರ ಹಣ ಎಲ್ಲಿಂದ ಬಂತು ಎಂಬುದನ್ನು ಪುಸ್ತಿಕೆಗಳು ಹೇಳುವುದಿಲ್ಲ. ಹತ್ತಿರದ ಪೋರ್ಟ್‌ಮನ್ ಚೌಕದಲ್ಲಿ 1770ರ ದಶಕದಲ್ಲಿ ರಾಬರ್ಟ್ ಆಡಮ್ ಒಳಾಂಗಣ ರೂಪಿಸಿದ ಹೋಮ್ ಹೌಸ್‌ನ ಒಡತಿ, ಹೋಮ್ ಕೌಂಟೆಸ್ ಎಂಬ ಬಿರುದಿನ ಶ್ರೀಮಂತೆ, ಜಮೈಕಾದ ಗುಲಾಮರು ದುಡಿದ ಕಬ್ಬಿನ ತೋಟಗಳ ವಾರಸುದಾರಳು. ನಮಗೆ ಇನ್ನೂ ಹತ್ತಿರದ ಉದಾಹರಣೆ ಹೈಡ್ ಪಾರ್ಕ್ ಮೂಲೆಯ ಆಪ್ಸ್‌ಲಿ ಹೌಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಗೆ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 5,000 ಪೌಂಡ್ ಸಂಭಾವನೆ ಗೊತ್ತುಮಾಡಿತು. ಅವನು 1807ರಲ್ಲಿ ಈ ಮನೆ ಕೊಂಡು, ಸಾಲಕ್ಕೆ ಸಿಕ್ಕಿ 1817ರಲ್ಲಿ ತಮ್ಮ ಆರ್ಥರ್‌ಗೆ ಮಾರಿದ. ಕೊಂಡ ತಮ್ಮ ಅದಕ್ಕೂ ಮುಂಚೆ ನಮ್ಮ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು. ಆ ಅರಮನೆಗೆ ಅವನು ಕ್ರಯ ಕೊಟ್ಟಿರಲಿಲ್ಲ.

ಲೀಸಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಕೊಳ್ಳುವವರ ನಿದ್ದೆಗೆಡಿಸಿರುವುದು ಅದೇ. 1967ರ ಕಾಯ್ದೆಯೊಂದು ದೀರ್ಘಾವಧಿ ಲೀಸಿನ ಮನೆಗಳಲ್ಲಿ ವಾಸಿಸುವವರಿಗೆ ಭೂಮಾಲೀಕನಿಂದ ಒಡೆತನವನ್ನೇ ಬೆಲೆ ಕೊಟ್ಟು ಕಿತ್ತುಕೊಳ್ಳುವ ಹಕ್ಕು ನೀಡಿತು. ಗ್ರೋವ್ನರ್ ಆಸ್ತಿಯ ಧರ್ಮದರ್ಶಿಗಳು ಅದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಸೋತರು. 1993ರ ಕಾಯ್ದೆ ಈ ಹಕ್ಕನ್ನು ಅತಿ ದುಬಾರಿ ಮನೆಗಳಿಗೂ ವಿಸ್ತರಿಸಿದಾಗ ಆಗಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಕನ್ಸರ್ವೇಟಿವ್ ಪಕ್ಷವನ್ನೇ ತೊರೆದ. ಆದರೆ ಹಕ್ಕು ಇದೆಯೆಂದ ಮಾತ್ರಕ್ಕೆ ಅಗ್ಗವಾಗಿ ಸಿಗುವುದಿಲ್ಲ. ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದರೆ, ಲೀಸೂ ಭೂಮಿಯ ಒಡೆತನವೂ ಒಂದೇ ಕೈಗೆ ಸೇರಿದ್ದರಿಂದ ಹೆಚ್ಚುವ ಮೌಲ್ಯದ ಅರ್ಧ ಭಾಗವನ್ನು ಭೂಮಾಲೀಕನಿಗೆ ಕೊಡಬೇಕೆಂಬುದು ರೂಢಿಯಲ್ಲಿರುವ ನಿಯಮ. 2024ರ ಸುಧಾರಣಾ ಕಾಯ್ದೆ ಅದನ್ನು ತೆಗೆದುಹಾಕಲು ಹೊರಟಿತು, ದೊಡ್ಡ ಭೂಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಹೀಗಾಗಿ ಇಂಥ ಮನೆಯ ಬೆಲೆ ಗಚ್ಚಿನ ಹೂವಿಗಿಂತ ವಕೀಲರ ಲೆಕ್ಕಾಚಾರವನ್ನೇ ಹೆಚ್ಚು ಅವಲಂಬಿಸಿದೆ.

ಒಡೆತನ ಬಂದರೂ ಸ್ವಾತಂತ್ರ್ಯ ಬರುವುದಿಲ್ಲ. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ; ಕಿಟಕಿಗೆ ಜೋಡಿಗಾಜು ಹಾಕಿಸುವುದಕ್ಕೂ ಅರ್ಜಿ ಹಾಕಿ ಕಾಯಬೇಕಾಗಬಹುದು. ಬೆಲ್‌ಗ್ರೇವಿಯಾದ ಮನೆಗಳು ಸಾಲಾಗಿ ಒಂದೇ ಕೆನೆಬಣ್ಣದಲ್ಲಿರುವುದು ಅಲ್ಲಿನ ನಿವಾಸಿಗಳ ಅಭಿರುಚಿ ಕೂಡಿಬಂದದ್ದರಿಂದಲ್ಲ, ಭೂಮಾಲೀಕ ಗ್ರೋವ್ನರ್ ಎಸ್ಟೇಟಿನ ಕಟ್ಟಳೆಯಿಂದ. ಭಾರತೀಯರಿಗೆ ಗೊತ್ತಿರುವ ನಿದರ್ಶನವೂ ಇದೆ: ಪ್ರಿಮ್‌ರೋಸ್ ಹಿಲ್ ಬಳಿಯ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆ, ವಿದ್ಯಾರ್ಥಿಯಾಗಿದ್ದ ಅಂಬೇಡ್ಕರ್ 1921–22ರಲ್ಲಿ ತಂಗಿದ್ದ ಮನೆ, ಮಾರಾಟಕ್ಕೆ ಬಂದಾಗ ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಮೂವತ್ತು ಲಕ್ಷ ಪೌಂಡ್‌ಗೂ ಹೆಚ್ಚು ಕೊಟ್ಟು ಕೊಂಡಿತು. ವಾಸದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಲು ಕ್ಯಾಮ್ಡನ್ ಸ್ಥಳೀಯ ಆಡಳಿತ ಒಪ್ಪಲಿಲ್ಲ. ಮೇಲ್ಮನವಿಯ ಮೇಲೆ 2020ರ ಮಾರ್ಚ್‌ನಲ್ಲಿ ಮಂತ್ರಿಯೇ ಅನುಮತಿ ನೀಡಬೇಕಾಯಿತು.

ತೆರಿಗೆಯ ಬಗ್ಗೆ ಒಂದೇ ಮಾತು. ಒಂದು ಕೋಟಿ ಪೌಂಡ್ ಕ್ರಯಕ್ಕೆ ಇಂದಿನ ದರದಲ್ಲಿ ಮುದ್ರಾಂಕ ಶುಲ್ಕವೇ 11 ಲಕ್ಷದ 13 ಸಾವಿರ ಪೌಂಡ್ ದಾಟುತ್ತದೆ. ಕೊಳ್ಳುವವರಿಗೆ ಬೇರೆ ಮನೆಯಿದ್ದು, ಅವರು ವಿದೇಶದಲ್ಲಿ ನೆಲೆಸಿದ್ದರೆ ಅದು 18 ಲಕ್ಷವನ್ನು ಮೀರುತ್ತದೆ.

ನಮ್ಮ ವರದಿಯಲ್ಲಿ ಉಬ್ಬಿದ ಮುಖಗೋಡೆಯನ್ನು ಸ್ಟೀಲ್ ಪಟ್ಟಿಗಳಿಂದ ಒಳಗಿನ ಜಂತಿಗಳಿಗೆ ಬಿಗಿಯಬೇಕೆಂದು ಬರೆದಿದ್ದೇವೆ. ಕೆಲಸ ದೊಡ್ಡದಲ್ಲ, ಅನುಭವವುಳ್ಳ ಮೇಸ್ತ್ರಿಗಳು ಕೆಲವು ವಾರಗಳಲ್ಲಿ ಮುಗಿಸಿಯಾರು. ಆದರೆ ನೆಲಹಾಸಿನ ಹಲಗೆ ಎತ್ತುವ ಮೊದಲು ನಗರಾಡಳಿತದ ಸಂರಕ್ಷಣಾ ಅನುಮತಿಯೂ ಭೂಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಗೋಡೆ ಸರಿಪಡಿಸುವ ಖರ್ಚು ಮತ್ತು ಒಡೆತನದ ಬೆಲೆ ಇವೆರಡನ್ನೂ ಕೇಳುತ್ತಿರುವ ಮೊತ್ತದಿಂದ ಕಳೆಯಬೇಕೆಂದು ಕೊಳ್ಳುವವರು ಪಟ್ಟು ಹಿಡಿದಿದ್ದಾರೆ. ಮಾರುವವರು ಗೋಡೆಯ ಖರ್ಚಿಗೆ ಒಪ್ಪಿದ್ದಾರೆ, ಎರಡನೆಯದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.