ಡಾಕ್ಟರ್ ಗಾಡಿ

ಹಳೆಯ ಕಾರುಗಳ ಯಾರ್ಡಿನಲ್ಲಿ ನಾಲ್ಕು ವರ್ಷ ಕಳೆಯುವ ಹೊತ್ತಿಗೆ, ಗಿರಾಕಿ ಗೇಟು ದಾಟಿ ಒಳಗೆ ಬರುವಷ್ಟರಲ್ಲೇ ಅವರಿಗೆ ಯಾವ ಗಾಡಿ ತೋರಿಸಬೇಕೆಂದು ತಿಳಿದುಬಿಡುತ್ತದೆ ಎಂಬ ಸೊಕ್ಕು ನನಗೆ ಬಂದಿತ್ತು. ಆ ಸೊಕ್ಕನ್ನು ನಮ್ಮ ಸಂಸ್ಥೆಯೇ ಸಂಬಳ ಕೊಟ್ಟು ಬೆಳೆಸಿತ್ತು ಎಂದರೂ ತಪ್ಪಾಗದು. ವಾಕ್-ಇನ್, ಅಂದರೆ ನೇರವಾಗಿ ಯಾರ್ಡಿಗೇ ಬರುವ ಗಿರಾಕಿ, ಬಂದ ಕೂಡಲೇ ಟ್ಯಾಬಿನಲ್ಲಿ ಅವರ ವಿವರ ತುಂಬಿ ಲೀಡ್ ಹಾಕಬೇಕು, ‘ಪ್ರೊಫೈಲ್’ ಎಂಬ ಕಲಂ ತುಂಬದಿದ್ದರೆ ಆ ಆ್ಯಪ್ ಮುಂದಿನ ಪುಟಕ್ಕೆ ಹೋಗುವುದೇ ಇಲ್ಲ. ಅದರಲ್ಲಿದ್ದ ಆಯ್ಕೆಗಳು ಐದು: ಬಿಸಿನೆಸ್, ಸ್ಯಾಲರೀಡ್, ಡಾಕ್ಟರ್, ಫಾರ್ಮರ್, ಅದರ್ಸ್. ‘ಅದರ್ಸ್’ ಒತ್ತಿದರೆ ಸಂಜೆಯ ರಿವ್ಯೂನಲ್ಲಿ ಮ್ಯಾನೇಜರಿಗೆ ಕಾರಣ ಹೇಳಬೇಕಾಗುತ್ತಿತ್ತು, ಆದ್ದರಿಂದ ನಾವು ಯಾರೂ ಅದನ್ನು ಒತ್ತುತ್ತಿರಲಿಲ್ಲ.

ಈ ಲೆಕ್ಕಾಚಾರ ಪೂರ್ತಿ ಸುಳ್ಳೆಂದು ನಾನು ಈಗಲೂ ಹೇಳಲಾರೆ. ಮೈಲೇಜ್ ಎಷ್ಟು, ಮಾರುವಾಗ ಎಷ್ಟು ಬರುತ್ತದೆ ಎಂಬ ಎರಡೇ ಪ್ರಶ್ನೆ ಹೊತ್ತು ಬರುವವರು ನೇರವಾಗಿ ಮಾರುತಿಯ ಸಾಲಿಗೆ ಹೋಗಿ ನಿಲ್ಲುತ್ತಾರೆ. ಸನ್‌ರೂಫ್ ಉಂಟೇ ಎಂದು ಮಕ್ಕಳು ಮೊದಲು ಕೇಳಿದರೆ ಆ ಮನೆಯವರ ಕಾಲು ಹ್ಯುಂಡೈ ಕಡೆಗೇ ತಿರುಗುತ್ತದೆ. 2018ರಲ್ಲಿ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಸಿಎಪಿ ಎಂಬ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಸಿಕ್ಕ ಮೇಲೆ, ಬಾಗಿಲನ್ನು ಎಳೆದು ಹಾಕಿ ಅದರ ಸದ್ದಿಗೆ ತಲೆದೂಗುವ ಗಿರಾಕಿಗಳು ಟಾಟಾ ಗಾಡಿಗಳಿಗೆ ಹುಟ್ಟಿಕೊಂಡರು. ಸ್ಕೋಡಾ, ಫೋಕ್ಸ್‌ವ್ಯಾಗನ್ ಕೇಳುವವರು ನಮಗೇ ಪಾಠ ಹೇಳುವಷ್ಟು ಓದಿಕೊಂಡು ಬಂದಿರುತ್ತಾರೆ. ಇನ್ನು ಹೋಂಡಾ ಸಿಟಿ 1998ರಲ್ಲಿ ಬಂದಾಗಿನಿಂದಲೂ ವೈದ್ಯರು, ಆಡಿಟರುಗಳು, ಬ್ಯಾಂಕಿನ ದೊಡ್ಡ ಅಧಿಕಾರಿಗಳ ಗಾಡಿಯೆಂದೇ ಯಾರ್ಡಿನಲ್ಲಿ ಲೆಕ್ಕ.

ಆ ದಿನ ತಿಂಗಳ ಕೊನೆಯ ಶುಕ್ರವಾರ. ನನ್ನ ಟಾರ್ಗೆಟಿಗೆ ಇನ್ನೂ ಎರಡು ಗಾಡಿ ಬಾಕಿಯಿತ್ತು, ಮುಂದಿನ ಸಾಲಿನಲ್ಲಿದ್ದ ಬಿಳಿ ಸಿಟಿಗೆ ಮಾರಾಟವಾಗದೆ 74 ದಿನದ ಏಜಿಂಗ್ ಆಗಿತ್ತು, ಅದನ್ನು ಕಳಿಸಿದವರಿಗೆ ವಿಶೇಷ ಇನ್ಸೆಂಟಿವ್ ಎಂದು ಬೆಳಗ್ಗೆಯೇ ಸಾರಿದ್ದರು. ಹನ್ನೊಂದರ ಸುಮಾರಿಗೆ ಕ್ಯಾಬೊಂದರಿಂದ ದಂಪತಿಗಳು ಇಳಿದರು. ಗಂಡನಿಗೆ ಅರವತ್ತರ ಆಸುಪಾಸು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಚಿನ್ನದ ಬಣ್ಣದ ಕಟ್ಟಿನ ಕನ್ನಡಕ, ಹೆಂಡತಿಯ ಮೈಮೇಲೆ ಜರಿಯಂಚಿನ ಸೀರೆ. ಇಳಿದ ಮೇಲೂ ಅವರು ಕ್ಯಾಬಿನ ಕಿಟಕಿಗೆ ಬಾಗಿ ಚಾಲಕನೊಂದಿಗೆ ಎರಡು ನಿಮಿಷ ಮಾತನಾಡುತ್ತಿದ್ದುದನ್ನು ನೋಡಿ, ಬಾಡಿಗೆಯ ವಿಷಯಕ್ಕೆ ಚೌಕಾಸಿ ನಡೆದಿದೆ ಎಂದುಕೊಂಡೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿ ‘ಸ್ಯಾಲರೀಡ್’ ಒತ್ತಿದೆ.

ಅವರು ಸಿಟಿಯ ಕಡೆ ತಿರುಗಿಯೂ ನೋಡದೆ, “ಎಟಿಯೋಸ್ ಡೀಸೆಲ್ ಇದೆಯೇನಪ್ಪಾ?” ಎಂದರು.

ಟೊಯೊಟಾದ ಆ ಕಾರು ಹಿಂದಿನ ಸಾಲಿನಲ್ಲಿ ಒಂದು ಇತ್ತು, 2016ರ ಮಾಡೆಲ್. ಇದೆ ಎಂದು ಹೇಳಿ ಕರೆದೊಯ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಬಾಯಿ ತುಂಬ ನಗು ತಂದುಕೊಂಡು, “ಅದು ಟ್ಯಾಕ್ಸಿಯವರ ಗಾಡಿ ಸರ್. ನಾಳೆ ನೀವು ಮದುವೆ ಮನೆ ಮುಂದೆ ಅದರಲ್ಲಿ ಇಳಿದರೆ, ಬಾಡಿಗೆ ಗಾಡೀಲಿ ಬಂದ್ರಾ ಅಂತ ಕೇಳ್ತಾರೆ. ನಿಮ್ಮ ಲೆವೆಲ್ಲಿಗೆ ಈ ಸಿಟಿ ನೋಡಿ,” ಎಂದುಬಿಟ್ಟೆ.

ಹೆಂಡತಿ ಸೆರಗನ್ನು ಸರಿಪಡಿಸಿಕೊಳ್ಳುತ್ತಾ ಬೇರೆ ಕಡೆಗೆ ನೋಡಿದರು. ಗಂಡ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ನಿಧಾನವಾಗಿ ಒರೆಸಿದರು, ಮತ್ತೆ ಹಾಕಿಕೊಂಡರು. ಪಕ್ಕದಲ್ಲಿ ನಮ್ಮ ಹುಡುಗ ಪ್ರೆಶರ್ ವಾಶ್ ಮಾಡುತ್ತಿದ್ದ ಸದ್ದು ಅಷ್ಟು ಜೋರಾಗಿತ್ತೆಂದು ನನಗೆ ಆವರೆಗೆ ಅನ್ನಿಸಿರಲಿಲ್ಲ. ಆಮೇಲೆ ಅವರು, ಸಿಟ್ಟಿಲ್ಲದ ದನಿಯಲ್ಲಿ, “ಮದುವೆ ಮನೆ ಮುಂದೆ ತುಂಬ ಜನರನ್ನ ಇಳಿಸಿದ್ದೀನಿ. ನಾನು ಇಳಿದಿಲ್ಲ ಅಷ್ಟೆ,” ಎಂದರು.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದಾಗಿನಿಂದ ಅವರು ಅಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಮೊದಲು ಇಂಡಿಕಾ, ಆಮೇಲೆ ಎಟಿಯೋಸ್. ವಯಸ್ಸಾಯಿತೆಂದು ಹಳದಿ ಬೋರ್ಡಿನ ಗಾಡಿಯನ್ನು ಮಾರಿ, ಊರಿಗೆ ಹಿಂದಿರುಗುವ ಮೊದಲು ಜೀವಮಾನದಲ್ಲಿ ಮೊದಲ ಸಲ ವೈಟ್ ಬೋರ್ಡಿನ ಸ್ವಂತ ಕಾರು ಕೊಳ್ಳಲು ಬಂದಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಕ್ಷಣದಲ್ಲಿ ಕ್ಷಮಿಸಿ ಎಂಬ ಒಂದು ಮಾತು ಆಡುವ ಬದಲು, ಆದ ಎಡವಟ್ಟನ್ನು ಮುಚ್ಚಲು ಇನ್ನೊಂದು ಎಡವಟ್ಟು ಮಾಡಿದೆ. ಎಟಿಯೋಸ್ ಹತ್ತಿರ ಕರೆದೊಯ್ದು, “ಇದು ಮಾತ್ರ ಹಾಗಲ್ಲ ಸರ್, ಡಾಕ್ಟರ್ ಗಾಡಿ, ಸಿಂಗಲ್ ಹ್ಯಾಂಡ್,” ಎಂದೆ. ಮೀಟರ್ 1,86,000 ಕಿಲೋಮೀಟರ್ ತೋರಿಸುತ್ತಿದ್ದುದರಿಂದ, ಡಾಕ್ಟರು ವಾರಕ್ಕೆ ಮೂರು ಸಲ ಹಳ್ಳಿಯ ಕ್ಲಿನಿಕ್ಕಿಗೆ ಹೋಗುತ್ತಿದ್ದರೆಂದೂ ಸೇರಿಸಿದೆ. ಆ ಡಾಕ್ಟರನ್ನೂ ಆ ಕ್ಲಿನಿಕ್ಕನ್ನೂ ನಾನು ಅಲ್ಲೇ ನಿಂತು ಸೃಷ್ಟಿಸಿದ್ದೆ. ನಮ್ಮಲ್ಲಿ ಸ್ವಲ್ಪ ಚೊಕ್ಕವಾಗಿ ಕಾಣುವ ಪ್ರತಿಯೊಂದು ಗಾಡಿಗೂ ಒಬ್ಬ ಡಾಕ್ಟರ್ ಇರುತ್ತಿದ್ದರು.

ಅವರು ಬಾನೆಟ್ ಎತ್ತಿಸಲಿಲ್ಲ. ಹಿಂದಿನ ಎಡಗಡೆಯ ಬಾಗಿಲನ್ನು ತೆರೆದು, ಒಳಗಿನ ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಪ್ಲಾಸ್ಟಿಕ್ಕು ಸವೆದು ನುಣ್ಣಗಾಗಿತ್ತು. ಆ ಕಡೆಯ ಸೀಟಿನ ಫೋಮ್ ಅಂಗೈಯಿಂದ ಒತ್ತಿದರೆ ಮೇಲೇಳದಷ್ಟು ಕುಸಿದಿತ್ತು. ಆಮೇಲೆ ಮುಂದಿನ ಎಡ ಸೀಟನ್ನು ಒತ್ತಿ ತೋರಿಸಿದರು, ಅದು ಶೋರೂಮಿನಿಂದ ನಿನ್ನೆ ಬಂದಂತೆ ಗಟ್ಟಿಯಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಪುಟ್ಟಿ ತುಂಬಿದ ನಾಲ್ಕು ಸ್ಕ್ರೂ ತೂತುಗಳು, ಸ್ಟೀರಿಂಗ್ ಕೆಳಗೆ ಟ್ಯಾಕ್ಸಿಯ ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರಿನ ಕತ್ತರಿಸಿದ ವೈರು. “ನಿಮ್ಮ ಡಾಕ್ಟ್ರು ಯಾವಾಗಲೂ ಹಿಂದೆ ಎಡಗಡೇನೇ ಕೂರ್ತಿದ್ರೇನಪ್ಪಾ?” ಎಂದು ಕೇಳಿದರು. ಅಷ್ಟು ಹೊತ್ತು ಬೇರೆ ಕಡೆ ನೋಡುತ್ತಿದ್ದ ಅವರ ಹೆಂಡತಿ ನಕ್ಕುಬಿಟ್ಟರು. ಫೈಲಿನಲ್ಲಿದ್ದ ಬಿ ಎಕ್ಸ್‌ಟ್ರಾಕ್ಟನ್ನು, ಅಂದರೆ ಆರ್‌ಟಿಒ ಕೊಡುವ ನೋಂದಣಿ ವಿವರದ ಪ್ರತಿಯನ್ನು, ನಾನು ತೆರೆದು ನೋಡಿದ್ದು ಆಗಲೇ. ಲೈಫ್ ಟ್ಯಾಕ್ಸ್ ಕಟ್ಟಿ ಟ್ರಾನ್ಸ್‌ಪೋರ್ಟಿನಿಂದ ವೈಟ್ ಬೋರ್ಡಿಗೆ ಬದಲಾದ ಗಾಡಿ ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು.

ಎಟಿಯೋಸ್ ಬಗ್ಗೆ ನಾನು ಆಡಿದ ಮಾತು ಊರೆಲ್ಲ ಆಡುವ ಮಾತೇ ಹೌದು. 2010ರ ಡಿಸೆಂಬರಿನಲ್ಲಿ ಬಂದಾಗ ಅದು ಸಂಸಾರಸ್ಥರಿಗಾಗಿಯೇ ಮಾಡಿದ ಕಾರು. ನಮ್ಮ ಬಿಡದಿಯಲ್ಲೇ ತಯಾರಾಯಿತು, 2016ರ ಎನ್‌ಸಿಎಪಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು, ಆದರೂ ಹಳದಿ ಬೋರ್ಡಿನ ಹಣೆಪಟ್ಟಿ ಹೊತ್ತೇ 2020ರಲ್ಲಿ ನಿಂತುಹೋಯಿತು. ಅದೇ ಬಿಡದಿಯಿಂದ 2005ರಲ್ಲಿ ಹೊರಬಂದ ಇನ್ನೋವಾ ಏನು ಕಡಿಮೆ ಬಾಡಿಗೆ ಓಡಿದೆಯೇ? ಆದರೆ ಅದರಲ್ಲಿ ಶಾಸಕರೂ ಮಠಾಧೀಶರೂ ಓಡಾಡಿದ್ದರಿಂದ, ಇನ್ನೋವಾ ಎಂದರೆ ಜನರಿಗೆ ಹಿಂದೆ ಕುಳಿತವರು ನೆನಪಾಗುತ್ತಾರೆ, ಎಟಿಯೋಸ್ ಎಂದರೆ ಮುಂದೆ ಕುಳಿತವರು. ಮಾರುತಿಯವರು ಈ ಅಪಾಯವನ್ನು ಮೊದಲೇ ಅರಿತು, ಹಳೆಯ ಆಕಾರದ ಡಿಸೈರನ್ನು ‘ಟೂರ್’ ಎಂಬ ಹೆಸರಿನಲ್ಲಿ ಟ್ಯಾಕ್ಸಿಗೆಂದೇ ಬೇರೆ ಮಾಡಿಟ್ಟರು. ಚಾಲಕರ ಲೆಕ್ಕವೇ ಬೇರೆ. ಎಟಿಯೋಸ್‌ನ ಡಿಕ್ಕಿಯಲ್ಲಿ ಸುಮಾರು 590 ಲೀಟರ್ ಜಾಗ, ನಾಲ್ಕು ಜನರ ವಿದೇಶದ ಸೂಟ್‌ಕೇಸುಗಳನ್ನು ಒಂದೇ ಸಲ ನುಂಗುತ್ತದೆ ಎಂದು ಆ ಗಿರಾಕಿ ಹೇಳಿದರು. ಇದ್ದ ಒಂದೇ ದೋಷವೆಂದರೆ ಮೀಟರ್ ನಡುಮಧ್ಯದಲ್ಲಿರುವುದು: ಹಿಂದೆ ಕೂತವರು ಅದನ್ನು ನೋಡುತ್ತಾ, ನಿಧಾನ ಹೋಗಿ ಎಂದೋ ಬೇಗ ಹೋಗಿ ಎಂದೋ ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ.

ಇಷ್ಟಾದ ಮೇಲೆ ಎದ್ದು ಹೋಗುತ್ತಾರೆಂದುಕೊಂಡಿದ್ದೆ. ಅವರು ಅದೇ ಗಾಡಿಯನ್ನು ಕೇಳಿದರು. ಟ್ಯಾಕ್ಸಿಯಾಗಿದ್ದರೆ ಸರ್ವಿಸ್ ತಪ್ಪಿಸಿರುವುದಿಲ್ಲ, ಒಂದು ದಿನ ನಿಂತರೂ ಅವತ್ತಿನ ಊಟಕ್ಕೆ ತೊಂದರೆ ಎಂಬುದು ಅವರ ವಾದ. 4,60,000ಕ್ಕೆ ಹಾಕಿದ್ದ ಗಾಡಿ, ಡಾಕ್ಟರನ್ನು ಕಳೆದುಕೊಂಡ ಮೇಲೆ 4,05,000ಕ್ಕೆ ಇಳಿಯಿತು. ಮಾರ್ಜಿನ್ ಹೋಯಿತೆಂದು ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಬೈದರು. ಬಿ ಎಕ್ಸ್‌ಟ್ರಾಕ್ಟ್ ಫೈಲಿನಲ್ಲಿದ್ದರೂ ಲಿಸ್ಟಿಂಗಿನಲ್ಲಿ ಟ್ಯಾಕ್ಸಿ ಎಂಬುದನ್ನು ಬರೆಯದೆ ಬಿಟ್ಟವರು ಯಾರು ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಸಂಜೆ ಲೀಡ್ ಮುಚ್ಚುವಾಗ ಪ್ರೊಫೈಲ್ ತಿದ್ದಲು ಹೋದೆ. ಆ ಪಟ್ಟಿಯಲ್ಲಿ ಚಾಲಕರಿಗೆ ಜಾಗವಿರಲಿಲ್ಲ, ‘ಅದರ್ಸ್’ ಒತ್ತಿದೆ, ರಿವ್ಯೂನಲ್ಲಿ ಅದಕ್ಕೂ ಕಾರಣ ಹೇಳಿದೆ.

ಹನ್ನೆರಡು ದಿನಗಳ ನಂತರ ಡೆಲಿವರಿ. ದೊಡ್ಡ ರಟ್ಟಿನ ಕೀಲಿ ಹಿಡಿದು ಫೋಟೋಗೆ ನಿಲ್ಲಲು ಅವರು ಒಪ್ಪಲಿಲ್ಲ. ನಿಂಬೆಹಣ್ಣು ಇಡಿಸಿ, ಚಾಲಕನ ಸೀಟಿನಲ್ಲಿ ಕುಳಿತು, ಯೋಚಿಸದೆಯೇ ಕನ್ನಡಿ ಸರಿಮಾಡಿಕೊಂಡರು. ಅಷ್ಟರಲ್ಲಿ ಹೆಂಡತಿ ಹಿಂದಿನ ಎಡಗಡೆಯ ಬಾಗಿಲನ್ನು ತೆರೆದು ಒಂದು ಕಾಲು ಒಳಗಿಟ್ಟಿದ್ದರು. ಅವರು ಕನ್ನಡಿಯಲ್ಲಿ ಅದನ್ನು ನೋಡಿ, ಎಡಕ್ಕೆ ಪೂರ್ತಿ ಬಾಗಿ ಮುಂದಿನ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದು, “ಮುಂದೆ ಬಾರೇ,” ಎಂದರು.