ನಮಗೆ ಮಾತ್ರ ಜಾಸ್ತಿಯಾದ ರಜೆ

ಅಕ್ಟೋಬರ್ 7ರ ಸಂಜೆ ನನ್ನ ಬ್ಯಾಗ್ ರೆಡಿಯಾಗಿತ್ತು. ಯೂನಿಫಾರ್ಮನ್ನು ನೀಟಾಗಿ ಮಡಚಿ ಹಾಸಿಗೆ ಕೆಳಗೆ ಇಟ್ಟಿದ್ದೆ, ನಮ್ಮನೆ ಇಸ್ತ್ರಿ ಅದೇ. 2025ರ ದಸರಾ ರಜೆ ಸೆಪ್ಟೆಂಬರ್ 20ಕ್ಕೆ ಶುರುವಾಗಿ ಅವತ್ತಿಗೆ ಮುಗಿಯಬೇಕಿತ್ತು. ಗಣಿತದ ಹೋಂವರ್ಕ್‌ನಲ್ಲಿ ಇನ್ನೂ ಎರಡು ಲೆಕ್ಕ ಬಾಕಿ ಇತ್ತು, ಬೆಳಿಗ್ಗೆ ಬಸ್ಸಲ್ಲಿ ಗೆಳತಿಯ ಪುಸ್ತಕ ನೋಡಿ ಬರೆದರಾಯ್ತು ಅಂದುಕೊಂಡಿದ್ದೆ (ಮೇಡಂ ಇದನ್ನು ಓದಿದರೆ, ಸಾರಿ ಮೇಡಂ). ಅಷ್ಟರಲ್ಲಿ ಟಿವಿ ಮುಂದೆ ಕೂತಿದ್ದ ತಮ್ಮ ಹೋ ಅಂತ ಕೂಗುತ್ತಾ ಒಳಗೆ ಓಡಿಬಂದ. ರಜೆ 18ನೇ ತಾರೀಕಿನವರೆಗೆ ಮುಂದೆ ಹೋಗಿದೆಯಂತೆ! ಜಾತಿ ಸಮೀಕ್ಷೆ ಮುಗಿದಿಲ್ಲ, ಟೀಚರ್‌ಗಳೆಲ್ಲ ಇನ್ನೂ ಮನೆ ಮನೆ ತಿರುಗುತ್ತಿದ್ದಾರೆ, ಹಾಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ.

ಸುಳ್ಳು ಯಾಕೆ ಹೇಳಲಿ, ನಾನೂ ಕುಣಿದೆ. ಎರಡು ಲೆಕ್ಕದ ತಲೆನೋವು ಹೋಯ್ತಲ್ಲ.

ಕುಣಿದಾದ ಮೇಲೆ ಸಾಗರದಲ್ಲಿರುವ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಅವಳದ್ದೂ ಈ ವರ್ಷ ಎಸ್ಸೆಸ್ಸೆಲ್ಸಿ, ಆದರೆ ಖಾಸಗಿ ಶಾಲೆ. "ನಿಮಗೂ ರಜೆ ಅಲ್ವಾ?" ಅಂದೆ. "ಇಲ್ಲ ಕಣೇ, ನಮಗೆ ನಾಳೆಯಿಂದ ಸ್ಕೂಲು. ನಿಂಗೆ ಮಜಾ ಬಿಡು" ಅಂದಳು. ಅವತ್ತು ಹೊಟ್ಟೆಕಿಚ್ಚು ಅವಳಿಗಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಅದು ನನ್ನ ಹೊಟ್ಟೆಗೆ ಬಂದಿತ್ತು.

ನಮ್ಮೂರು ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆ. ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಗುವವರೆಗೂ ಸಾಗರಕ್ಕೆ ಹೋಗಬೇಕಂದ್ರೆ ಲಾಂಚ್ ಹತ್ತಬೇಕಿತ್ತು. ಸಿಗಂದೂರಿಗೆ ಬಂದವರೆಲ್ಲ ಲಾಂಚಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗ್ತಿದ್ದರು, ನಮಗೆ ಅದು ಬಸ್ಸಿದ್ದ ಹಾಗಿತ್ತು. ಸಂಜೆ ಕೊನೇ ಲಾಂಚ್ ತಪ್ಪಿದರೆ ಅವತ್ತಿಗೆ ಮುಗೀತು, ಆ ದಡದಲ್ಲಿ ಯಾರದ್ದಾದರೂ ನೆಂಟರ ಮನೆ ಹುಡುಕಬೇಕಿತ್ತು. ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಸೇತುವೆ, ಮೂರು ನಾಲ್ಕು ನಿಮಿಷದಲ್ಲಿ ದಾಟಬಹುದು. ಅಪ್ಪ ಮೊದಲ ಸಲ ಬೈಕಲ್ಲಿ ಕರೆದುಕೊಂಡು ಹೋದಾಗ ಮಧ್ಯದಲ್ಲಿ ನಿಲ್ಲಿಸಿ ಕೆಳಗೆ ನೋಡಿದರು. ಏನೂ ಮಾತಾಡಲಿಲ್ಲ. ಆ ನೀರಿನ ಅಡಿಯಲ್ಲೇ ಅಜ್ಜ ಹುಟ್ಟಿದ ಮನೆ ಇರೋದು.

ಅಜ್ಜನ ವಿಷಯಕ್ಕೆ ಆಮೇಲೆ ಬರ್ತೀನಿ.

ಈ ರಜೆಯಲ್ಲಿ ಚೆನ್ನಾಗಿದ್ದದ್ದು ಅಂದರೆ ಭೂಮಿ ಹುಣ್ಣಿಮೆ. ಬೇರೆ ಕಡೆಯವರು ಶೀಗಿ ಹುಣ್ಣಿಮೆ ಅಂತಾರೆ. ನಾವು ದೀವರು, ನಮಗೆ ಇದು ದೊಡ್ಡ ಹಬ್ಬ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಅದಕ್ಕೆ ದಸರಾದಿಂದಲೇ ತಯಾರಿ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿ, ಅದರ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಅಜ್ಜಿ ಗೆರೆ ಎಳೆದರೆ ಸ್ಕೇಲ್ ಇಟ್ಟು ಎಳೆದ ಹಾಗೆ ಇರುತ್ತದೆ. ನಾನು ಎಳೆದದ್ದು ಮೂರು ಸಲ ಅಡ್ಡಾದಿಡ್ಡಿ ಹೋಯಿತು, ಅಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿ "ಉಸಿರು ಹಿಡಿದು ಎಳಿಯೇ ಮಗಾ, ಕೈ ನಡುಗೋದಿಲ್ಲ" ಅಂದರು. ನಿಜವಾಗಿಯೂ ಉಸಿರು ಹಿಡಿದರೆ ನೆಟ್ಟಗೆ ಬರ್ತದೆ. ಆಮೇಲೆ ನೋಡಿದರೆ ಬುಟ್ಟಿ ತುಂಬಾ ತ್ರಿಭುಜಗಳೇ, ದೊಡ್ಡದರ ಒಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ನಮ್ಮ ಪಾಠದಲ್ಲಿ ಸಮರೂಪ ತ್ರಿಭುಜ ಅಂತ ಇದೆಯಲ್ಲ, ಅದೇ! ಅಜ್ಜಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಹಬ್ಬದ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಗುಡ್ಡದಿಂದ ತಂದ ನಾನಾ ಥರದ ಸೊಪ್ಪು, ಕುಡಿ ಎಲ್ಲ ಹೆಚ್ಚಿ ಹಚ್ಚಂಬಲಿ ಬೇಯಿಸಬೇಕು, ಕಡುಬು ಮಾಡಬೇಕು. ನೂರೊಂದು ಕುಡಿ ಅಂತ ಲೆಕ್ಕ, ಆದರೆ ಎಣಿಸಿದವರು ಯಾರೂ ಇಲ್ಲ, ನಾನು ಎಣಿಸಲು ಹೋಗಿ ಮೂವತ್ತೆರಡಕ್ಕೆ ಬಿಟ್ಟೆ. ಬೆಳಗಾಗುವ ಮುಂಚೆ ಅಪ್ಪ ಬುಟ್ಟಿ ತಲೆ ಮೇಲೆ ಹೊತ್ತು ಗದ್ದೆಗೆ ನಡೆದರು, ಹಿಂದೆ ನಾವೆಲ್ಲ. ಇಬ್ಬನಿಗೆ ಲಂಗ ಮಂಡಿಯವರೆಗೂ ಒದ್ದೆ. ಪೂಜೆ ಆದ ಮೇಲೆ ಗದ್ದೆ ತುಂಬಾ ಹಚ್ಚಂಬಲಿ ಬೀರಿದರು. ಕಾಗೆಗೆ ಒಂದು ಎಡೆ, ಇಲಿಗೂ ಒಂದು ಎಡೆ. ಭತ್ತ ಕದಿಯುವ ಇಲಿಗೇ ಮೊದಲು ಊಟ ಹಾಕುವುದು ನನಗೆ ತುಂಬಾ ಇಷ್ಟ. ಆಮೇಲೆ ಗದ್ದೆ ಬದಿಯಲ್ಲೇ ಕೂತು ನಾವೂ ಉಂಡೆವು.

ಹಬ್ಬ ಮುಗಿದ ಮೇಲಿನ ರಜೆ ಮಾತ್ರ ರಜೆಯ ಹಾಗಿರಲಿಲ್ಲ. ಊರಿನ ಮಕ್ಕಳೆಲ್ಲ ಮನೆಯಲ್ಲೇ ಇದ್ದರು, ಎಷ್ಟು ದಿನ ಅಂತ ಲಗೋರಿ ಆಡೋದು? ತಮ್ಮ ಆರನೇ ಕ್ಲಾಸು. ಮೂರನೇ ದಿನಕ್ಕೆ "ಶಾಲೆ ಯಾವಾಗ" ಅಂತ ಕೇಳಿದ. ನನಗೆ ಆಶ್ಚರ್ಯ. ಓದೋಕಲ್ಲ, ಮೊಟ್ಟೆಗೆ. ಈಗ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಾರೆ, ಮನೆಯಲ್ಲಿ ಕೋಳಿ ಮನಸ್ಸು ಮಾಡಿದ ದಿನ ಮಾತ್ರ. ಅಮ್ಮ ನಕ್ಕರು, ಆಮೇಲೆ ಅವತ್ತು ರಾತ್ರಿ ಅಂಗಡಿಯಿಂದ ನಾಲ್ಕು ಮೊಟ್ಟೆ ತರಿಸಿದರು.

ಅತ್ತ ಚಿಕ್ಕಪ್ಪನ ಮಗಳು ದಿನಾ ಸಂಜೆ ವಾಟ್ಸಾಪ್‌ನಲ್ಲಿ ನೋಟ್ಸ್ ಫೋಟೋ ಕಳಿಸೋಕೆ ಶುರು ಮಾಡಿದಳು. ಪಾಪ, ಒಳ್ಳೆ ಮನಸ್ಸಿಂದಲೇ. ಅವರಿಗೆ ತ್ರಿಕೋನಮಿತಿ ಶುರುವಾಗಿತ್ತು, ನಾವು ವರ್ಗ ಸಮೀಕರಣದ ಅರ್ಧದಲ್ಲಿ ನಿಂತಿದ್ದೆವು. ಆ ಫೋಟೋ ತೆರೆಯಬೇಕಂದ್ರೆ ನಾನು ನಮ್ಮನೆ ಹಿಂದಿನ ದರೆ ಹತ್ತಿ ಗೇರು ಮರದ ಹತ್ತಿರ ನಿಲ್ಲಬೇಕು, ಅಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಬರುತ್ತದೆ. "ಯೂಟ್ಯೂಬ್ ನೋಡಿ ಕಲೀಬಹುದಲ್ಲ" ಅಂತ ಹೇಳೋರು ಒಂದು ದಿನ ಆ ಗೇರು ಮರದ ಕೆಳಗೆ ಬಂದು ನಿಲ್ಲಲಿ. ಸಾಯಂಕಾಲ ಆದರೆ ಉಂಬಳ ಬೇರೆ.

ಮಾರ್ಚ್‌ನಲ್ಲಿ ಅವಳಿಗೂ ನನಗೂ ಒಂದೇ ಪರೀಕ್ಷೆ, ಒಂದೇ ಪ್ರಶ್ನೆಪತ್ರಿಕೆ. ಪೇಪರ್ ಮೇಲೆ "ಇವರಿಗೆ ಎಂಟತ್ತು ದಿನ ಪಾಠ ಆಗಿಲ್ಲ" ಅಂತ ಯಾರೂ ಬರೆದಿರುವುದಿಲ್ಲ. ಸಮೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಯಾರು ಎಷ್ಟು ಓದಿದ್ದಾರೆ, ಯಾರ ಹತ್ತಿರ ಜಮೀನಿದೆ, ಯಾರಿಗೆ ಕೆಲಸ ಇದೆ ಅಂತ ಲೆಕ್ಕ ಬೇಕು, ನಮ್ಮಂಥವರಿಗೇ ಜಾಸ್ತಿ ಬೇಕು. ಆದರೆ ಹಿಂದುಳಿದವರು ಎಷ್ಟು ಅಂತ ಎಣಿಸೋಕೆ ಸರ್ಕಾರಿ ಶಾಲೆ ಮುಚ್ಚಬೇಕಾ? ಸರ್ಕಾರಿ ಶಾಲೆಯಲ್ಲಿ ಕೂತಿರೋರು ಯಾರು ಅಂತ ಎಲ್ಲರಿಗೂ ಗೊತ್ತಿದೆ ಅಲ್ವಾ? ಮೊದಲೇ ಜಾಸ್ತಿ ದಿನ ಇಟ್ಟುಕೊಳ್ಳಬಹುದಿತ್ತು, ಇಲ್ಲಾ ಬೇರೆ ಜನರನ್ನೂ ಸೇರಿಸಿಕೊಳ್ಳಬಹುದಿತ್ತು. ನನಗೆ ಹದಿನೈದು ವರ್ಷ, ನನಗೇ ಇಷ್ಟು ಹೊಳೆಯುತ್ತದೆ.

ಇದರ ಮಧ್ಯೆ 15ನೇ ತಾರೀಕು ಇನ್ನೊಂದು ಸುದ್ದಿ ಬಂತು. ಪಾಸ್ ಆಗೋಕೆ ಇನ್ನು 35 ಪರ್ಸೆಂಟ್ ಬೇಡ, 33 ಸಾಕು. 625ಕ್ಕೆ 206. ನಾನು ಸುಮ್ನೆ ಭಾಗಿಸಿ ನೋಡಿದೆ, 32.96 ಬರ್ತದೆ. ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹುಡುಗರು ಪಟಾಕಿ ಸ್ಟಿಕರ್ ಹಾಕಿದ್ದೇ ಹಾಕಿದ್ದು. ನನಗೆ ಯಾಕೋ ಸಿಟ್ಟು ಬಂತು. ಪಾಠದ ದಿನ ಕಮ್ಮಿ, ಪಾಸ್ ಮಾರ್ಕ್ಸೂ ಕಮ್ಮಿ, ಎರಡಕ್ಕೂ ಸಂಬಂಧ ಇಲ್ಲ ಅಂತ ಗೊತ್ತು, ಆದರೆ ಒಂದೇ ವಾರದಲ್ಲಿ ಎರಡೂ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆಮೇಲೆ ಪಕ್ಕದ ಮನೆಯ ಅಣ್ಣನ ನೆನಪಾಯಿತು. ಗಣಿತ ಒಂದರಲ್ಲೇ ಫೇಲಾಗಿ, ಪರೀಕ್ಷೆ 2, ಪರೀಕ್ಷೆ 3 ಎರಡೂ ಬರೆದು, ಕೊನೆಗೆ ಬಿಟ್ಟು ಬೆಂಗಳೂರಿನ ಹೋಟೆಲ್ ಸೇರಿದ. ಅಂಥವರಿಗೆ ಎರಡು ಪರ್ಸೆಂಟ್ ಅಂದರೆ ಸಣ್ಣದಲ್ಲ. ಹಾಗಾಗಿ ಈ ವಿಷಯದಲ್ಲಿ ನನಗೆ ಇನ್ನೂ ಸರಿಯಾಗಿ ಒಂದು ಅಭಿಪ್ರಾಯ ಇಲ್ಲ.

ಈಗ ಅಜ್ಜನ ವಿಷಯ.

ಸಮೀಕ್ಷೆಗೆ ನಮ್ಮನೆಗೆ ಬಂದದ್ದು ನಮ್ಮ ಗಣಿತ ಮೇಡಮ್ಮೇ! ಮೊದಲೇ ಕರೆಂಟ್ ಮೀಟರ್ ನೋಡುವವರು ಬಂದು ಬಾಗಿಲಿಗೆ ಸ್ಟಿಕರ್ ಅಂಟಿಸಿ ಹೋಗಿದ್ದರು. ಮೇಡಂ ಅದನ್ನು ಹುಡುಕಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಬಂದರು. ಸ್ಕೂಟಿ ಕೆಳಗಿನ ರಸ್ತೆಯಲ್ಲೇ ಬಿಟ್ಟು, ಕೊಡೆ ಊರಿಕೊಂಡು ಹತ್ತಿ ಬಂದಿದ್ದರು, ಸೀರೆ ಅಂಚಿಗೆಲ್ಲ ಕೆಸರು. ಕ್ಲಾಸಲ್ಲಿ ನೋಡಿದ ಮೇಡಂ ನಮ್ಮನೆ ಜಗಲಿಯಲ್ಲಿ ಕಾಲು ಮಡಚಿ ಕೂತಿದ್ದು ನೋಡಿ ನನಗೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ, ಓಡಿ ಹೋಗಿ ನೀರು ಬೆಲ್ಲ ತಂದೆ. ಅವತ್ತು ಅದು ಅವರಿಗೆ ಹನ್ನೊಂದನೇ ಮನೆಯಂತೆ.

ಅರವತ್ತು ಪ್ರಶ್ನೆ. "ಉತ್ತರ ಕೊಡಲೇಬೇಕು ಅಂತಿಲ್ಲ, ಇಷ್ಟ ಇದ್ದರೆ ಹೇಳಿ" ಅಂತ ಮೇಡಂ ಮೊದಲೇ ಹೇಳಿದರು. ಅಜ್ಜ "ಕೇಳಿ ಅಕ್ಕೋರೇ, ನಮ್ಮನ್ನ ಯಾರು ಕೇಳ್ತಾರೆ" ಅಂದರು. ಜಾತಿ ಹೇಳಿದ್ದಾಯ್ತು, ಕುಲಕಸುಬು ಹೇಳಿದ್ದಾಯ್ತು. ಜಮೀನು ಎಷ್ಟಿದೆ ಅಂತ ಕೇಳಿದಾಗ ಅಜ್ಜ ಸುಮ್ಮನಾದರು.

"ಉಂಟು ಅಂತ ಬರೀಬೇಕಾ, ಇಲ್ಲ ಅಂತ ಬರೀಬೇಕಾ?" ಅಂದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅಜ್ಜನಿಗೆ ಒಂಬತ್ತು ವರ್ಷ. ಎತ್ತಿನ ಗಾಡಿಗೆ ಹಿಡಿಸಿದಷ್ಟು ಸಾಮಾನು ತಂದರು, ಉಳಿದದ್ದು ಮುಳುಗಿತು. ಇಲ್ಲಿ ಗುಡ್ಡ ಕಡಿದು ಗದ್ದೆ ಮಾಡಿದ್ದು ಅಜ್ಜನ ಅಪ್ಪ. ಅರವತ್ತು ವರ್ಷ ಆಯಿತು, ಉಳುತ್ತಿದ್ದೇವೆ, ಬೆಳೆಯುತ್ತಿದ್ದೇವೆ, ಭೂಮಿ ಹುಣ್ಣಿಮೆ ಮಾಡ್ತಿದ್ದೇವೆ, ಆದರೆ ಹಕ್ಕುಪತ್ರ ಇಲ್ಲ. ದಾಖಲೆಯಲ್ಲಿ ಅದು ಇನ್ನೂ ಕಾಡು. ನಮ್ಮದೊಂದೇ ಅಲ್ಲ, ಮುಳುಗಡೆಯ ಎಷ್ಟೋ ಮನೆಗಳ ಕತೆ ಇದು. ಸಮಾಜ ಪುಸ್ತಕದಲ್ಲಿ ಶರಾವತಿ ಅಂದ್ರೆ ಜೋಗ ಮತ್ತು ವಿದ್ಯುತ್. ಈ ಅಧ್ಯಾಯ ಯಾಕಿಲ್ಲ?

ಮೇಡಂಗೂ ಏನು ಒತ್ತಬೇಕು ಅಂತ ಗೊತ್ತಾಗಲಿಲ್ಲ. ಆ್ಯಪ್‌ನಲ್ಲಿ "ಉಂಟು ಆದರೆ ಇಲ್ಲ" ಅಂತ ಯಾವ ಬಟನ್ನೂ ಇರುವುದಿಲ್ಲವಲ್ಲ. ಕೊನೆಗೆ ಅಜ್ಜನೇ "ಇಲ್ಲ ಅಂತ ಹಾಕಿ, ನಾಳೆ ಯಾರಾದರೂ ಬಂದು ಕಾಗದ ಕೇಳಿದರೆ ಕಷ್ಟ" ಅಂದರು. ಮೇಡಂ ಅವರ ಮುಖ ಒಂದು ಸಲ ನೋಡಿ ಹಾಗೇ ಮಾಡಿದರು. ನಾಲ್ಕು ದಿನದ ಹಿಂದೆ ಅದೇ ಗದ್ದೆಗೆ ಬಯಕೆ ಊಟ ಬಡಿಸಿ ಬಂದಿದ್ದೆವು.

ಆಮೇಲೆ ಒಟಿಪಿ ಬರಲಿಲ್ಲ. ಮೇಡಂ, ನಾನು, ಅಜ್ಜ ಮೂವರೂ ಮೂರು ಮೊಬೈಲ್ ಹಿಡಿದು ಗೇರು ಮರದ ಹತ್ತಿರ ಹೋದೆವು. ಅಜ್ಜ ದರೆ ಹತ್ತುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ಮೇಡಂ ಕೈ ಹಿಡಿದೆವು. ಒಟಿಪಿ ಬಂತು, ಹಾಕುವಷ್ಟರಲ್ಲಿ ಟೈಮ್ ಮುಗಿಯಿತು. ಎರಡನೇದು ಬಂತು, ಆ್ಯಪ್ ನಿಂತುಹೋಯಿತು. ಮೂರನೇದಕ್ಕೆ ಆಯಿತು. ಅಷ್ಟು ಹೊತ್ತೂ ಮೇಡಂ ಬೈಯಲಿಲ್ಲ, ಅದೇ ಕ್ಲಾಸಲ್ಲಿ ಆಗಿದ್ದರೆ ಡಸ್ಟರ್ ಬೀಳುತ್ತಿತ್ತು. ಕಾಯುತ್ತಾ ನಿಂತಾಗ "ವರ್ಗ ಸಮೀಕರಣ ಓದಿಕೊಂಡ್ಯಾ?" ಅಂತ ಕೇಳಿದರು. ನಾನು ಎರಡು ಲೆಕ್ಕ ಬರ್ತಿಲ್ಲ ಅಂದೆ. ಕಲ್ಲಿನ ಮೇಲೆ ಕೂತು, ಸಮೀಕ್ಷೆಯ ಕಾಗದದ ಹಿಂದುಗಡೆಯೇ ಬಿಡಿಸಿ ತೋರಿಸಿದರು. ಹತ್ತು ನಿಮಿಷ. ಈ ರಜೆಯಲ್ಲಿ ನನಗೆ ಆದ ಪಾಠ ಅಷ್ಟೇ.

ಶರಾವತಿಯಲ್ಲಿ ಈಗ ಇನ್ನೊಂದು ಯೋಜನೆ ಬರ್ತಿದೆ ಅಂತಾರೆ, ತಲಕಳಲೆ ಜಲಾಶಯಕ್ಕೂ ಗೇರುಸೊಪ್ಪ ಜಲಾಶಯಕ್ಕೂ ಮಧ್ಯೆ ಸುರಂಗ ಕೊರೆದು ನೀರನ್ನು ಮೇಲೆತ್ತಿ ಮತ್ತೆ ಬಿಟ್ಟು 2000 ಮೆಗಾವ್ಯಾಟ್ ಕರೆಂಟ್ ತೆಗೆಯೋದು. ಮೇಲೆತ್ತೋಕೆ ಬೇಕಾಗುವ ಕರೆಂಟೇ ಜಾಸ್ತಿ, ಆದರೆ ಬೇಡಿಕೆ ಇರುವ ಹೊತ್ತಿಗೆ ಸಿಗುತ್ತದೆ ಅನ್ನೋದು ಲಾಭ ಅಂತ ವಿಜ್ಞಾನದ ಸರ್ ಹೇಳಿದ್ದರು. ಸಿಂಗಳೀಕಗಳಿರುವ ಕಾಡು ಅದು. ಅಪ್ಪ ಬೇಡ ಅಂತಾರೆ, ಚಿಕ್ಕಪ್ಪ ಕೆಲಸ ಸಿಗುತ್ತದೆ ಅಂತಾರೆ, ದೀಪಾವಳಿಗೆ ಬಂದಾಗ ಇಬ್ಬರೂ ಹೋಳಿಗೆ ತಿನ್ನುತ್ತಲೇ ಜಗಳ ಆಡಿದರು. ಅಜ್ಜನನ್ನು ಕೇಳಿದರೆ "ಈ ಸಲ ಯಾರನ್ನ ಎಬ್ಬಿಸ್ತಾರಂತೆ?" ಅಂತಷ್ಟೇ ಕೇಳ್ತಾರೆ.

ಹಬ್ಬ ಮುಗಿದು ಶಾಲೆ ಶುರುವಾಗಿದೆ. ತಪ್ಪಿದ ದಿನಗಳಿಗೆ ಈಗ ಸಂಜೆ ಸ್ಪೆಷಲ್ ಕ್ಲಾಸ್, ಐದೂಕಾಲಿನವರೆಗೆ. ನಮ್ಮೂರ ಬಸ್ಸು ಹೊರಡೋದು ನಾಲ್ಕೂ ಮುಕ್ಕಾಲಿಗೆ. ಹಾಗಾಗಿ ನಾವು ಮೂವರು ಹುಡುಗಿಯರು ನಡೆದೇ ಬರ್ತೀವಿ, ನಾಲ್ಕು ಕಿಲೋಮೀಟರ್. ದಾರಿಯಲ್ಲಿ ಒಬ್ಬಳು ಸೂತ್ರ ಕೇಳೋದು, ಇನ್ನಿಬ್ಬರು ಹೇಳೋದು. ತಿರುವಿನ ಹತ್ತಿರ ಕತ್ತಲಾಗುತ್ತದೆ, ಅಲ್ಲಿ ಯಾರದ್ದಾದರೂ ಅಪ್ಪ ಟಾರ್ಚ್ ಹಿಡಿದು ನಿಂತಿರ್ತಾರೆ. ನಿನ್ನೆ ಅಜ್ಜ ಬಂದಿದ್ದರು.