ಸೆವಿಯಾದ ಮಠದಲ್ಲಿ ಅಮ್ಮ ಕಂಡ ಮಗು

ಸೋಮವಾರ ಸ್ಪೇನಿನ ಸೆವಿಯಾದ ಚಿತ್ರಕಲಾ ಮ್ಯೂಸಿಯಂಗೆ ಹೋದ್ರೆ ಬಾಗಿಲು ಹಾಕಿತ್ತು, ಅವತ್ತು ವಾರದ ರಜೆಯಂತೆ, ಸರಿ ಅಂತ ಮಂಗಳವಾರ ಬೆಳಗ್ಗೆ ನಾನು ಅಮ್ಮ ಮತ್ತೆ ಹೋದ್ವಿ. ಜುಲೈ ಬಿಸಿಲು, ಹತ್ತೂವರೆಗೇ ಅಮ್ಮ ಸೆರಗು ತಲೆ ಮೇಲೆ ಎಳ್ಕೊಂಡಿದ್ಲು.

ಒಳಗೆ ಕಾಲಿಟ್ರೆ ತಂಪು. ಈ ಮ್ಯೂಸಿಯಂ ಮೊದಲು ಮರ್ಸಿಡೇರಿಯನ್ ಸನ್ಯಾಸಿಗಳ ಮಠ, ಸೆರೆಸಿಕ್ಕ ಕ್ರೈಸ್ತರನ್ನ ದುಡ್ಡು ಕೊಟ್ಟು ಬಿಡಿಸ್ಕೊಂಡು ಬರೋದು ಆ ಪಂಥದವರ ವ್ರತ. ಈಗಿರೋ ಕಟ್ಟಡ 1602ರಿಂದ ಹೊಸದಾಗಿ ಕಟ್ಟಿದ್ದು. ನಡುವೆ ಅಂಗಳ, ಸುತ್ತ ಕಂಬ, ಗೋಡೆಗೆಲ್ಲ ಬಣ್ಣದ ಟೈಲ್ಸ್. "ತೊಟ್ಟಿ ಮನೆ ಕಣೇ ಇದು" ಅಂದ್ಲು ಅಮ್ಮ. 1835ರ ಹೊತ್ತಿಗೆ ಸರ್ಕಾರ ಮಠಗಳನ್ನ ಮುಚ್ಚಿಸಿ ಆಸ್ತಿ ವಶ ಮಾಡ್ಕೊಂಡಾಗ ಅಲ್ಲಿದ್ದ ಚಿತ್ರಗಳಿಗೆಲ್ಲ ಜಾಗ ಬೇಕಾಯ್ತು, ಹಾಗೆ ಹುಟ್ಟಿದ್ದು ಈ ಮ್ಯೂಸಿಯಂ.

ಹಳೇ ಚರ್ಚೇ ಈಗ ದೊಡ್ಡ ಹಾಲ್, ಅಲ್ಲಿ ಹದಿನೇಳನೇ ಶತಮಾನದ ಚಿತ್ರಕಾರ ಮುರಿಯೋನ ಚಿತ್ರಗಳು, ಇದೇ ಊರಿನ ಕಪುಚಿನ್ ಅನ್ನೋ ಇನ್ನೊಂದು ಪಂಥದ ಮಠಕ್ಕೆ ಅಂತ ಬರೆದಿದ್ದು. ಮಂಡಿ ನೋವು ಅಂತ ಅಮ್ಮ ಬೆಂಚ್ ಮೇಲೆ ಕೂತ್ಲು. ನಾನು ವಿಲಾನುವೇವಾದ ಸಂತ ತೋಮಸ್ ಭಿಕ್ಷೆ ಕೊಡೋ ಚಿತ್ರದ ಮುಂದೆ ನಿಂತೆ, ಮುರಿಯೋಗೆ ತನ್ನ ಕೆಲಸದಲ್ಲೇ ಇದು ಅಚ್ಚುಮೆಚ್ಚು ಅಂತಾರೆ. ಕಪ್ಪು ನಿಲುವಂಗಿಯ ಸಂತ, ಮುಂದೆ ಮಂಡಿಯೂರಿದ ಭಿಕ್ಷುಕನ ಬಟ್ಟೆಯಿಲ್ಲದ ಬೆನ್ನು, ಅದರ ಮೇಲೆ ಬೀಳೋ ಬೆಳಕು, ಅದನ್ನೇ ನೋಡ್ತಿದ್ದೆ. ಹಿಂದಿನಿಂದ ಅಮ್ಮ, "ಆ ಮೂಲೆ ಮಗು ನೋಡಿದ್ಯಾ?" ಅಂದ್ಲು. ಎಡಗಡೆ ಕೆಳಗೆ, ನೆರಳಲ್ಲಿ, ಒಂದು ಪುಟ್ಟ ಮಗು ಸಿಕ್ಕಿದ ಕಾಸನ್ನ ತಾಯಿಗೆ ತೋರಿಸ್ತಿದೆ. ಎಷ್ಟು ವರ್ಷದಿಂದ ಪುಸ್ತಕದಲ್ಲಿ ನೋಡಿರೋ ಚಿತ್ರ, ನನ್ನ ಕಣ್ಣು ಒಂದ್ಸಲನೂ ಆ ಮೂಲೆಗೆ ಹೋಗಿರ್ಲಿಲ್ಲ. "ಸಿಕ್ಕಿದ ತಕ್ಷಣ ಅಮ್ಮಂಗೆ ತೋರಿಸ್ಬೇಕು ಅದಕ್ಕೆ" ಅಂದ್ಲು.

ಆಮೇಲೆ ಅವಳನ್ನ ಕೈ ಹಿಡಿದು ಮುರಿಯೋನದೇ 'ಸೆರ್ವಿಯೇತಾ ಮಾತೆ', ಅಂದ್ರೆ ಕರವಸ್ತ್ರದ ಮಾತೆ, ಅದರ ಹತ್ರ ಕರ್ಕೊಂಡು ಹೋದೆ. ಮುಕ್ಕಾಲು ಮೀಟರೂ ಇಲ್ಲದ ಚಿತ್ರ. ಊಟದ ಕರವಸ್ತ್ರದ ಮೇಲೆ ಬರೆದಿದ್ದು ಅಂತ ಕಥೆ ಇದೆ, ನಿಜವಾಗಿ ಕ್ಯಾನ್ವಾಸೇ. ಮರಿಯಳ ತೋಳಲ್ಲಿರೋ ಮಗು ಚೌಕಟ್ಟು ದಾಟಿ ನಮ್ಮ ಮೇಲೇ ಬಂದುಬಿಡೋ ಹಾಗೆ ಮುಂದಕ್ಕೆ ಬಾಗಿದೆ, ಕಣ್ಣು ನೆಟ್ಟಗೆ ನಮ್ಮ ಕಡೆಗೇ. ಅಮ್ಮ ಗೊತ್ತಿಲ್ದೇ ಎರಡೂ ಕೈ ಚಾಚಿದ್ಲು. ಕಾವಲಿನ ಹೆಂಗಸು ಎರಡು ಹೆಜ್ಜೆ ಮುಂದೆ ಬಂದು, ಅಮ್ಮನ ಮುಖ ನೋಡಿ, ಅಲ್ಲೇ ನಿಂತ್ಲು.

ಮಹಡಿಗೆ ನಾನೊಬ್ಳೇ ಹೋದೆ, ಅದೇ ಶತಮಾನದ ಇನ್ನೊಬ್ಬ ಚಿತ್ರಕಾರ ಸುರ್ಬರಾನ್ ಬರೆದ ಸಂತ ಹ್ಯೂಗೋ ಚಿತ್ರ, ಬಿಳಿ ಬಟ್ಟೆ ಸನ್ಯಾಸಿಗಳು ಊಟಕ್ಕೆ ಕೂತಿರೋದು, ಮೇಜಿನ ಮೇಲಿನ ಬ್ರೆಡ್ ಕೈಗೆ ಸಿಗೋ ಹಾಗಿದೆ. ಕೆಳಗೆ ಬಂದಾಗ ಅಮ್ಮ ಬೆಂಚ್ ಬಿಟ್ಟು ಎದ್ದಿದ್ಲು, ಮಂಡಿ ಮೇಲೆ ಕೈಯೂರಿ ಬಗ್ಗಿ, ಕಾಸು ತೋರಿಸ್ತಿರೋ ಆ ಮಗುವನ್ನೇ ನೋಡ್ತಿದ್ಲು.